ನಾವೇನು ಗ್ರಾಹಕರ ಅಪ್ಪ ಅಮ್ಮನಾ?

ಪ್ರಶ್ನೆ: ಸರ್, ನಾನು ಮೊಬೈಲ್ ಗೇಮ್ ಮಾಡೋ ಕಂಪನೀಲಿ ಇದೀನಿ, ಬಿಟ್ಟು ಹೋದ ಗ್ರಾಹಕರನ್ನ ವಾಪಸ್ ಕರ್ಕೊಂಡು ಬರೋ ಟೀಮು. ಗೇಮ್ ಫ್ರೀ, ಆದ್ರೆ ಒಳಗಡೆ ಕಾಯಿನ್ಸು, ಲಕ್ಕಿ ಬಾಕ್ಸು (ಒಳಗೇನಿದೆ ಅಂತ ತೆರೆದ ಮೇಲೇ ಗೊತ್ತಾಗೋ ಡಬ್ಬಿ) ಎಲ್ಲ ದುಡ್ಡು ಕೊಟ್ಟು ತಗೋಬೇಕು. ಹೋದ ತಿಂಗಳು ಒಬ್ಬ ಗ್ರಾಹಕರು ಸಪೋರ್ಟ್‌ಗೆ "ದಯವಿಟ್ಟು ನನ್ನ ಅಕೌಂಟ್ ಕ್ಲೋಸ್ ಮಾಡಿ, ನನ್ನ ಕೈಲಿ ನಿಲ್ಸೋಕಾಗ್ತಿಲ್ಲ" ಅಂತ ಬರೆದಿದ್ರು. ಕ್ಲೋಸ್ ಮಾಡಿದ್ವಿ. ಹನ್ನೊಂದು ದಿನ ಆದ್ಮೇಲೆ ನಮ್ಮ ಸಿಸ್ಟಮ್ ತಾನಾಗೇ ಅವರಿಗೆ ಫ್ರೀ ಕಾಯಿನ್ ಆಫರ್ ಕಳ್ಸಿದೆ, ಅವರು ಬಂದಿದಾರೆ, ಹಿಂದಿನ ಇಡೀ ತಿಂಗಳು ಖರ್ಚು ಮಾಡಿದ್ದಕ್ಕಿಂತ ಜಾಸ್ತಿ ಆ ಒಂದೇ ರಾತ್ರಿ ಖರ್ಚು ಮಾಡಿದಾರೆ. ಮೀಟಿಂಗಲ್ಲಿ ಹೇಳಿದ್ರೆ ಬಾಸ್ "ಅವರು ದೊಡ್ಡವರು, ಅವರ ದುಡ್ಡು, ನಾವೇನು ಅವರ ಅಪ್ಪ ಅಮ್ಮನಾ?" ಅಂದ್ರು. ಎಲ್ರೂ ನಕ್ರು. ನಂಗೆ ಮಾತ್ರ ಆವತ್ತಿಂದ ಸಮಾಧಾನ ಇಲ್ಲ. ಗ್ರಾಹಕರನ್ನ ಅವರ ಕೆಟ್ಟ ಅಭ್ಯಾಸದಿಂದ ಕಾಪಾಡೋದು ನಿಜವಾಗ್ಲೂ ವ್ಯಾಪಾರದವರ ಕೆಲಸಾನಾ?

ಉತ್ತರ: ನಿಮ್ಮ ಬಾಸ್ ಹೇಳಿದ್ರಲ್ಲಿ ಅರ್ಧ ಸರಿ ಇದೆ, ಅದನ್ನ ಮೊದ್ಲು ಒಪ್ಕೊಂಡುಬಿಡ್ತೀನಿ, ಇಲ್ದಿದ್ರೆ ಮುಂದೆ ನಾನು ಹೇಳೋದೆಲ್ಲ ಬರೀ ಉಪದೇಶ ಅನ್ಸುತ್ತೆ. ಆದ್ರೆ ಒಂದು ವಿಷಯ ಗಮನಿಸಿದ್ರಾ, ಅವರು ನೀವು ಕೇಳಿದ್ದಕ್ಕೆ ಉತ್ರ ಕೊಡ್ಲೇ ಇಲ್ಲ. ನೀವು ಕೇಳಿದ್ದು "ನಿಲ್ಸಿ" ಅಂತ ಬಾಯಿಬಿಟ್ಟು ಕೇಳಿದ ಒಬ್ಬ ಮನುಷ್ಯನ ಬಗ್ಗೆ, ಅವರು ಮಾತಾಡಿದ್ದು ಲೋಕದಲ್ಲಿರೋ ದೊಡ್ಡವರೆಲ್ಲರ ಬಗ್ಗೆ. ಇವೆರಡನ್ನ ಕಲಸಿಬಿಟ್ರೆ ಚರ್ಚೆ ಯಾವತ್ತೂ ಮುಗಿಯಲ್ಲ.

ಸರಿ ಇರೋ ಅರ್ಧ ಯಾವ್ದು ಅಂದ್ರೆ, ವ್ಯಾಪಾರದವರು ಗ್ರಾಹಕರ ಜೀವನಕ್ಕೆ ಕಾವಲು ಕೂರೋದು ಒಳ್ಳೇದಲ್ಲ. ಕಾಪಾಡ್ಬೇಕು ಅಂದ್ರೆ ಮೊದ್ಲು ನೋಡ್ತಾ ಇರ್ಬೇಕು, ನೋಡ್ಬೇಕು ಅಂದ್ರೆ ಅವರು ಎಷ್ಟೊತ್ತಿಗೆ ಮಲಗ್ತಾರೆ, ಅಕೌಂಟಲ್ಲಿ ಎಷ್ಟಿದೆ, ಮನೇಲಿ ಏನು ತೊಂದ್ರೆ ಇದೆ ಎಲ್ಲ ಗೊತ್ತಾಗ್ಬೇಕು, ಅದೆಲ್ಲ ಗೊತ್ತಿರೋ ಕಂಪನಿ ಕಾಪಾಡೋ ಕಂಪನಿ ಆಗೇ ಉಳಿಯುತ್ತೆ ಅಂತ ನಂಬೋಷ್ಟು ಮುಗ್ಧ ನಾನಲ್ಲ. ಇವತ್ತು "ನಿಮ್ಮ ಒಳ್ಳೇದಕ್ಕೆ" ಅಂತ ತಗೊಂಡ ಮಾಹಿತಿ ನಾಳೆ ನಿಮ್ಮ ಟೀಮಿನ ಸ್ಕ್ರೀನ್ ಮೇಲೆ "ಈ ಗ್ರಾಹಕರಿಗೆ ಯಾವಾಗ ಮನಸ್ಸು ಸಡಿಲ ಇರುತ್ತೆ" ಅನ್ನೋ ಕಾಲಮ್ ಆಗಿ ಬಂದು ಕೂತಿರುತ್ತೆ. ಇನ್ನೊಂದು, ಜಾಸ್ತಿ ಖರ್ಚು ಮಾಡೋರೆಲ್ಲ ತೊಂದ್ರೇಲಿರೋರು ಅಂತ ಏನಿಲ್ಲ. ಕೆಲವರ ಹತ್ರ ದುಡ್ಡಿರುತ್ತೆ, ಅದು ಅವರಿಗೆ ಇಷ್ಟ, ಅಷ್ಟೇ. ನಿಮಗೋ ನನಗೋ ಅದು ದಂಡ ಅನ್ನಿಸ್ಬಹುದು, ಹಾಗಂತ ಅವರನ್ನ ತಡೆಯೋಕೆ ನಾವ್ಯಾರು.

ಮೇಲಿಂದ ಹೇರಿದ ಕಾವಲು ಎಷ್ಟು ದಿನ ನಡೆಯುತ್ತೆ ಅನ್ನೋದಕ್ಕೆ ದಕ್ಷಿಣ ಕೊರಿಯಾ ನೋಡಿ. 2011ರಲ್ಲಿ ಅಲ್ಲಿ ಒಂದು ಕಾನೂನು ಬಂತು, 16 ವರ್ಷದೊಳಗಿನ ಮಕ್ಕಳು ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡಂಗಿಲ್ಲ. ಮಕ್ಕಳು ಅಪ್ಪ ಅಮ್ಮನ ಐಡಿ ಹಾಕ್ಕೊಂಡು ಆಡಿದ್ರು, ಆಟ ಕಂಪ್ಯೂಟರಿಂದ ಮೊಬೈಲ್‌ಗೆ ಜಾರ್ತು, ಕೊನೆಗೆ 2022ರ ಜನವರಿ ಹೊತ್ತಿಗೆ ಆ ಕಾನೂನನ್ನೇ ತೆಗೆದುಬಿಟ್ರು. ಅದೂ ಮಕ್ಕಳ ವಿಷಯದಲ್ಲಿ! ದೊಡ್ಡವರಿಗೆ ಹೇರಿದ್ರೆ ಹೇಗಿರುತ್ತೆ ನೀವೇ ಯೋಚ್ನೆ ಮಾಡಿ.

ಈಗ ನಿಮ್ಮ ಗ್ರಾಹಕರ ವಿಷಯಕ್ಕೆ ಬರೋಣ. ಇವರನ್ನ ಯಾರೂ ಹೊರಗಿಂದ ತಡೀಲಿಲ್ಲ, ಇವರೇ ಬಂದು ತಡೀರಿ ಅಂದ್ರು, ಇಡೀ ಕಥೆಯ ಜೀವ ಅಲ್ಲೇ ಇರೋದು. ಋಗ್ವೇದದ ಹತ್ತನೇ ಮಂಡಲದಲ್ಲಿ 34ನೇ ಸೂಕ್ತ ಅಂತ ಒಂದಿದೆ, ಅಕ್ಷಸೂಕ್ತ ಅಂತಾರೆ, ಪೂರ್ತಿ ಒಬ್ಬ ಜೂಜುಗಾರನ ಗೋಳು. ಅದರಲ್ಲಿ ಅವನು ಹೇಳ್ತಾನೆ, ಇನ್ಮೇಲೆ ಇವರ ಜೊತೆ ಆಡಲ್ಲ ಅಂತ ನಿರ್ಧಾರ ಮಾಡ್ತೀನಿ, ಆದ್ರೆ ಆ ದಾಳಗಳು ಹಲಗೆ ಮೇಲೆ ಬಿದ್ದು ಸದ್ದು ಮಾಡಿದ ತಕ್ಷಣ ಪ್ರಿಯಕರನನ್ನ ಹುಡ್ಕೊಂಡು ಹೋಗೋಳ ಥರ ನಾನೂ ಅಲ್ಲಿಗೇ ಹೊರಟುಬಿಡ್ತೀನಿ ಅಂತ. ಸಾವಿರಾರು ವರ್ಷದ ಹಿಂದಿನ ಮಾತು. ನಿಮ್ಮ ಆಫರ್ ಮೆಸೇಜು ಫೋನಲ್ಲಿ ಟಿಂಗ್ ಅಂದಿತಲ್ಲ, ಅದು ಆ ದಾಳದ ಸದ್ದೇ.

ಅವನೊಳಗೆ ಇಬ್ಬರಿದಾರೆ ನೋಡಿ. ಒಬ್ಬ ತಲೆ ತಣ್ಣಗಿದ್ದಾಗ ಬೇಡ ಅನ್ನೋನು, ಇನ್ನೊಬ್ಬ ಸದ್ದು ಕೇಳಿದಾಗ ಎದ್ದು ಓಡೋನು. ನಿಮ್ಮ ಬಾಸ್ "ಗ್ರಾಹಕರ ಇಷ್ಟಾನ ಗೌರವಿಸ್ಬೇಕು" ಅಂತ ಹೇಳ್ತಾರಲ್ಲ, ಯಾವನ ಇಷ್ಟಾನ? ಸಪೋರ್ಟ್‌ಗೆ ಬರೆದದ್ದೂ ಅವರೇ, ರಾತ್ರಿ ಬಟನ್ ಒತ್ತಿದ್ದೂ ಅವರೇ. ಕಂಪನಿ ಎರಡನೇದನ್ನ ಮಾತ್ರ ಇಷ್ಟ ಅಂತ ಲೆಕ್ಕ ಹಾಕ್ತು, ಯಾಕಂದ್ರೆ ದುಡ್ಡು ಬರೋದು ಅವನಿಂದ. ಇದನ್ನ ಸ್ವಾತಂತ್ರ್ಯಕ್ಕೆ ಕೊಡೋ ಗೌರವ ಅಂತ ಕರೆಯೋದು ನಂಗಂತೂ ಕಷ್ಟ.

ಮಹಾಭಾರತದ ಸಭಾಪರ್ವ ನೆನಪಿದ್ಯಾ. ಧರ್ಮರಾಯ ಎಲ್ಲ ಸೋತ, ಆಮೇಲೆ ಧೃತರಾಷ್ಟ್ರ ಎಲ್ಲಾನೂ ವಾಪಸ್ ಕೊಟ್ಟು ಹೋಗಿ ಅಂದ, ಪಾಂಡವರು ಹೊರಟೂ ಬಿಟ್ಟಿದ್ರು. ಆಮೇಲೇನಾಯ್ತು? ದಾರೀಲಿ ಇರೋವಾಗ್ಲೇ ಇನ್ನೊಂದಾಟ ಬನ್ನಿ ಅಂತ ಕರೆ ಹೋಯ್ತು. ಅನುದ್ಯೂತ ಅಂತಾರೆ ಅದನ್ನ. ಆಡಿದ್ದು ಧರ್ಮರಾಯನ ತಪ್ಪೇ, ಅದನ್ನ ಯಾರೂ ಅಲ್ಲ ಅನ್ನಲ್ಲ. ಹಾಗಂತ ಇವನು ಕರೆದ್ರೆ ಬಂದೇ ಬರ್ತಾನೆ ಅಂತ ಚೆನ್ನಾಗಿ ಗೊತ್ತಿದ್ದು ಕರೆ ಕಳ್ಸಿದೋರನ್ನ ಇವತ್ತಿನವರೆಗೂ ಯಾರಾದ್ರೂ "ಅವರೇನು ಧರ್ಮರಾಯನ ಅಪ್ಪ ಅಮ್ಮನಾ" ಅಂತ ವಹಿಸ್ಕೊಂಡು ಮಾತಾಡಿದ್ದು ಕೇಳಿದೀರಾ? (ಕರೆಸಿದ ಧೃತರಾಷ್ಟ್ರ ಅಪ್ಪನ ಸ್ಥಾನದಲ್ಲೇ ಇದ್ದ ಅನ್ನೋದು ಬೇರೆ ವಿಷಯ.)

"ಅವರ ಜೀವನ ಅವರಿಷ್ಟ" ಅನ್ನೋ ವಾದಕ್ಕೆ ಎಲ್ರೂ ಮೊರೆ ಹೋಗೋದು ಜಾನ್ ಸ್ಟುವರ್ಟ್ ಮಿಲ್ ಅನ್ನೋ ಇಂಗ್ಲಿಷ್ ತತ್ವಜ್ಞಾನಿ ಹತ್ರ, 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದೋರು. ಬೇರೆಯವರಿಗೆ ತೊಂದ್ರೆ ಆಗ್ದೇ ಇರೋವರೆಗೂ ಒಬ್ಬ ಮನುಷ್ಯನನ್ನ ಅವನ ಒಳ್ಳೇದಕ್ಕೇ ಅಂತ ಕೂಡ ಬಲವಂತ ಮಾಡಂಗಿಲ್ಲ ಅನ್ನೋದು ಅವರ ಮಾತು. ಜನ ಅಲ್ಲಿಗೇ ಪುಸ್ತಕ ಮುಚ್ತಾರೆ. ಅದೇ ಪುಸ್ತಕದ ಕೊನೇ ಅಧ್ಯಾಯದಲ್ಲಿ ಮಿಲ್ ಇನ್ನೊಂದು ಪ್ರಶ್ನೆ ಎತ್ತಿದಾರೆ, ಜೂಜಾಡೋದನ್ನ ಸಹಿಸ್ಕೋಬೇಕು ಸರಿ, ಆದ್ರೆ ಜೂಜಿನ ಮನೆ ನಡೆಸೋದಕ್ಕೂ ಅದೇ ಸ್ವಾತಂತ್ರ್ಯ ಕೊಡ್ಬೇಕಾ ಅಂತ. ಇದು ಸರಿಯಾಗಿ ಗಡಿ ಮೇಲೆ ನಿಂತಿರೋ ವಿಷಯ ಅಂತ ಹೇಳಿ ಎರಡೂ ಕಡೆ ವಾದ ಇಡ್ತಾರೆ. ಕುಡಿತದ ವ್ಯಾಪಾರಿಗಳ ಬಗ್ಗೆ ಹೇಳೋವಾಗ, ಜನ ಮಿತಿಮೀರಿ ಕುಡೀಲಿ ಅನ್ನೋದ್ರಲ್ಲೇ ಅವರ ಲಾಭ ಇರೋದು ನಿಜವಾದ ಕೇಡು ಅಂತ್ಲೂ ಬರೀತಾರೆ. ಅಂದ್ರೆ ಆಡೋನಿಗೆ ಇರೋ ಸ್ವಾತಂತ್ರ್ಯ ಆಡಿಸೋನಿಗೆ ತಾನಾಗೇ ಬರಲ್ಲ, ಸ್ವಾತಂತ್ರ್ಯದ ಪರ ಅಷ್ಟು ಗಟ್ಟಿಯಾಗಿ ಬರೆದ ಮನುಷ್ಯನಿಗೇ ಅಲ್ಲಿ ಅನುಮಾನ ಇತ್ತು. ನಿಮ್ಮ ಬಾಸ್ ಮುಂದೆ ಯಾವಾಗ್ಲಾದ್ರೂ ಬೇಕಾಗ್ಬಹುದು, ಇಟ್ಕೊಂಡಿರಿ.

ಕೋರ್ಟುಗಳು ಏನು ಹೇಳಿವೆ ಅಂತ ಕೇಳ್ತೀರೇನೋ. ಇಲ್ಲಿ ನಿಮಗೆ ಸ್ವಲ್ಪ ಬೇಜಾರಾಗುತ್ತೆ.

ಬ್ರಿಟನ್‌ನಲ್ಲಿ ಗ್ರಹಾಂ ಕಾಲ್ವರ್ಟ್ ಅಂತ ಒಬ್ಬರು, ನಾಯಿ ರೇಸಿನ ತರಬೇತುದಾರರು. 2006ರಲ್ಲಿ ವಿಲಿಯಂ ಹಿಲ್ ಅನ್ನೋ ಬೆಟ್ಟಿಂಗ್ ಕಂಪನಿಗೆ ಆರು ತಿಂಗಳು ನನ್ನಿಂದ ಬೆಟ್ ತಗೋಬೇಡಿ ಅಂತ ಕೇಳ್ಕೊಂಡಿದ್ರು, ಕಂಪನಿ ಅದನ್ನ ಸರಿಯಾಗಿ ಜಾರಿ ಮಾಡ್ಲಿಲ್ಲ, ಇವರು ಮತ್ತೆ ಆಡಿ ಹೆಚ್ಚುಕಮ್ಮಿ 20 ಲಕ್ಷ ಪೌಂಡ್ ಕಳ್ಕೊಂಡ್ರು. ನಿಮ್ಮ ಕೇಸಿಗೆ ಎಷ್ಟು ಹತ್ರ ಇದೆ ನೋಡಿ. 2008ರಲ್ಲಿ ಕೋರ್ಟು, ಹೌದು ಅವರು ಕೇಳ್ಕೊಂಡ ಮೇಲೆ ಕಂಪನಿ ಒಂದು ಹೊಣೆ ಹೊತ್ಕೊಂಡಿತ್ತು, ಅದನ್ನ ಮುರೀತು ಅಂತ ಒಪ್ಕೊಳ್ತು, ಆದ್ರೂ ಪರಿಹಾರ ಕೊಡ್ಲಿಲ್ಲ. ಕಾರಣ? ಇಲ್ಲಿ ತಡೆದಿದ್ರೂ ಈ ಮನುಷ್ಯ ಬೇರೆ ಕಡೆ ಹೋಗಿ ಹಾಳಾಗ್ತಿದ್ರು ಅಂತ. ಮೇಲಿನ ಕೋರ್ಟೂ ಅದನ್ನೇ ಎತ್ತಿ ಹಿಡೀತು. 2013ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು, ಅದು ಅವರ ಅತ್ಯುನ್ನತ ಕೋರ್ಟು, ಹ್ಯಾರಿ ಕಕಾವಾಸ್ ಅನ್ನೋರ ಕೇಸಲ್ಲಿ ಇನ್ನೂ ಗಟ್ಟಿಯಾಗಿ ಹೇಳ್ತು. ಹಿಂದೆ ಒಂದು ಸಲ ತಾವಾಗೇ ಕ್ಯಾಸಿನೊದಿಂದ ದೂರ ಇರ್ತೀನಿ ಅಂತ ಬರೆದುಕೊಟ್ಟಿದ್ದೋರು, ಆಮೇಲೆ ಕ್ಯಾಸಿನೊದೋರೇ ಖಾಸಗಿ ವಿಮಾನದ ಆಸೆ ತೋರ್ಸಿ ಕರೆಸ್ಕೊಂಡ್ರು, ಇವರು 2005-06ರಲ್ಲಿ 2.05 ಕೋಟಿ ಡಾಲರ್ ಸೋತ್ರು. ಈತ ತನ್ನ ನಿರ್ಧಾರ ತಾನು ತಗೊಳೋ ಸ್ಥಿತೀಲಿದ್ದ, ಬೇಡ ಅಂತ ದೂರ ಇರ್ಬಹುದಿತ್ತು ಅಂತ ಹೇಳಿ ಕೋರ್ಟು ಕೇಸು ವಜಾ ಮಾಡ್ತು.

ಹಾಗಾದ್ರೆ ಬಾಸ್ ಗೆದ್ದರಾ? ಪರಿಹಾರದ ಕೇಸಿನ ಮಟ್ಟಿಗೆ ಗೆಲ್ಲೋ ಚಾನ್ಸ್ ಇದೆ. ಆದ್ರೆ ಕಾಲ್ವರ್ಟ್ ಕೇಸಿನ ಆ ತರ್ಕ ನಂಗೆ ಯಾವತ್ತೂ ಗಂಟಲಲ್ಲಿ ಇಳಿದಿಲ್ಲ. ಬೇರೆ ಕಡೆ ಹಾಳಾಗ್ತಿದ್ದ ಅನ್ನೋದು ಲೆಕ್ಕಕ್ಕೆ ಸರಿ ಇರ್ಬಹುದು, ಹಾಗಿದ್ರೆ ಊರಲ್ಲಿರೋ ಹತ್ತೂ ಅಂಗಡಿಯೋರು ಇನ್ನೊಂಬತ್ತು ಅಂಗಡಿ ಕಡೆ ಬೆರಳು ತೋರ್ಸಿ ಬಚಾವಾಗ್ಬಹುದಲ್ಲ, ಹಾಳಾದೋನು ಒಬ್ಬ, ಹಾಳು ಮಾಡಿದೋರು ಯಾರೂ ಇಲ್ಲ.

ಇದಕ್ಕೆ ಉತ್ರ ಸಿಕ್ಕಿದ್ದು ಕೋರ್ಟಲ್ಲಿ ಅಲ್ಲ, ನಿಯಮ ಮಾಡೋರ ಹತ್ರ. ಬ್ರಿಟನ್‌ನಲ್ಲಿ ಈಗ ಗ್ಯಾಮ್‌ಸ್ಟಾಪ್ ಅಂತ ಒಂದೇ ಪಟ್ಟಿ ಇದೆ, ನಿಮ್ಮ ಹೆಸರು ನೀವೇ ಹಾಕಬಹುದು, ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ, ಲೈಸೆನ್ಸ್ ಇರೋ ಯಾವ ಆನ್‌ಲೈನ್ ಜೂಜು ಕಂಪನೀನೂ ನಿಮ್ಮನ್ನ ಒಳಗೆ ಬಿಡಂಗಿಲ್ಲ. 2020ರ ಮಾರ್ಚ್ ಕೊನೆಯಿಂದ ಎಲ್ಲ ಕಂಪನಿಗೂ ಕಡ್ಡಾಯ. ಅದೇ ಏಪ್ರಿಲ್‌ನಲ್ಲಿ ಕ್ರೆಡಿಟ್ ಕಾರ್ಡಲ್ಲಿ ಜೂಜಾಡೋದನ್ನೂ ನಿಲ್ಸಿದ್ರು. ಅದಕ್ಕೆ ಒಂದು ವರ್ಷ ಮುಂಚೆ ಬೆಟ್ಟಿಂಗ್ ಅಂಗಡಿಗಳ ಮಷೀನಲ್ಲಿ ಒಂದು ಸಲಕ್ಕೆ 100 ಪೌಂಡ್ ತನಕ ಹಾಕಬಹುದಿತ್ತಲ್ಲ, ಅದನ್ನ 2 ಪೌಂಡ್‌ಗೆ ಇಳ್ಸಿದ್ರು. ಗ್ಯಾಮ್‌ಸ್ಟಾಪ್‌ನಲ್ಲಿ ನಂಗೆ ಇಷ್ಟ ಆಗೋದು ಏನಂದ್ರೆ ಯಾರೂ ಯಾರನ್ನೂ "ನೀನು ಚಟಗಾರ" ಅಂತ ಹಣೆಪಟ್ಟಿ ಹಚ್ಚಲ್ಲ, ಮನುಷ್ಯ ತಾನೇ ತನ್ನ ಬಗ್ಗೆ ಹೇಳಿದ್ದನ್ನ ಎಲ್ರೂ ಪಾಲಿಸ್ಬೇಕು ಅಷ್ಟೇ.

"ನಾವು ಬಿಟ್ರೆ ಇನ್ನೊಬ್ಬ ಮಾರ್ತಾನೆ" ಅನ್ನೋದು ಮುಂದಿನ ಮೀಟಿಂಗಲ್ಲಿ ಬಂದೇ ಬರುತ್ತೆ. ನಿಜ, ಮಾರ್ತಾನೆ. ಅಮೆರಿಕದ ಸಿವಿಎಸ್ ಅನ್ನೋ ಔಷಧಿ ಅಂಗಡಿ ಸರಪಳಿ 2014ರ ಸೆಪ್ಟೆಂಬರಿಂದ ಸಿಗರೇಟ್ ಮಾರೋದನ್ನೇ ನಿಲ್ಸ್ತು, ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವ್ಯಾಪಾರ ಹೋಗುತ್ತೆ ಅಂತ ಅವರೇ ಮೊದ್ಲೇ ಲೆಕ್ಕ ಹಾಕಿ ಹೇಳಿದ್ರು, ಪಕ್ಕದ ಅಂಗಡೀಲಿ ಸಿಗರೇಟ್ ಸಿಗ್ತಾನೇ ಇತ್ತು. ಅವರೇನು ಸನ್ಯಾಸ ತಗೊಂಡಿರ್ಲಿಲ್ಲ, ಆರೋಗ್ಯ ಸೇವೆ ಕಡೆ ದೊಡ್ಡದಾಗಿ ಬೆಳೀಬೇಕು ಅಂತ ಹೊರಟಿದ್ರು, ಒಂದು ಕೌಂಟರಲ್ಲಿ ಔಷಧಿ ಇನ್ನೊಂದು ಕೌಂಟರಲ್ಲಿ ಸಿಗರೇಟ್ ಇಟ್ಕೊಂಡು ಆ ಮಾತು ಆಡೋಕಾಗಲ್ಲ. ಒಳ್ಳೇ ಕೆಲಸಕ್ಕೆ ಲಾಭದ ಕಾರಣ ಇದ್ರೆ ನಂಗೇನೂ ತಕರಾರಿಲ್ಲ.

ಇನ್ನು ಕುಡಿತದ ಕಡೆ ನೋಡಿ, ಅಲ್ಲಿ ಈ ಅಪ್ಪ ಅಮ್ಮನ ಪ್ರಶ್ನೆ ಯಾವಾಗ್ಲೋ ಮುಗಿದಿದೆ. ಇಂಗ್ಲೆಂಡಿನ 2003ರ ಲೈಸೆನ್ಸಿಂಗ್ ಕಾಯ್ದೆ ಪ್ರಕಾರ ಈಗಾಗ್ಲೇ ಅಮಲೇರಿರೋ ಮನುಷ್ಯನಿಗೆ ಗೊತ್ತಿದ್ದೂ ಮದ್ಯ ಮಾರಿದ್ರೆ ಅದು ಅಪರಾಧ. ಗೊತ್ತಿದ್ದೂ ಅನ್ನೋ ಆ ಪದ ನೋಡಿ. ಬಾರ್‌ನೋರು ಗಿರಾಕಿಯ ಲಿವರ್ ರಿಪೋರ್ಟ್ ನೋಡ್ಬೇಕಾಗಿಲ್ಲ, ಮನೆಗೆ ಫೋನ್ ಮಾಡ್ಬೇಕಾಗಿಲ್ಲ, ಕಣ್ಣೆದುರಿಗೆ ತೂರಾಡ್ತಿರೋದು ಕಂಡ್ರೆ ಇನ್ನೊಂದು ಸುರೀಬೇಡಿ ಅಂತಷ್ಟೇ. ನನ್ನ ಅಳತೆಗೋಲೂ ಅದೇ. ಹುಡ್ಕೊಂಡು ಹೋಗಿ ತಿಳ್ಕೋಬೇಕು ಅಂತ ನಾನು ಹೇಳ್ತಿಲ್ಲ, ತಿಳಿದ ಮೇಲೆ ತಿಳೀದೋರ ಥರ ಇರಂಗಿಲ್ಲ. ನಿಮ್ಮ ಕಂಪನಿಗೆ ಲಿಖಿತವಾಗಿ ತಿಳಿದಿತ್ತು, ಸಪೋರ್ಟ್‌ಗೆ ಬಂದ ಮನವಿಯ ಟಿಕೆಟ್ ನಂಬರ್ ಸಮೇತ.

ನಾನು ಬರೀ ಹೊರಗೆ ನಿಂತು ಮಾತಾಡ್ತಿದೀನಿ ಅಂದ್ಕೋಬೇಡಿ. ಈ ಸಲಹೆ ಕೆಲಸಕ್ಕೆ ಬರೋ ಮುಂಚೆ ನಾನೂ ಒಂದು ಚಂದಾ ಕಂಪನೀಲಿ "ನಿಮ್ಮನ್ನ ಮಿಸ್ ಮಾಡ್ಕೋತಿದೀವಿ" ಅನ್ನೋ ಥರದ ಮೇಲ್ ಬರೀತಿದ್ದೆ. ಯಾರಿಗೆ ಹೋಗುತ್ತೆ ಅಂತ ನಾನು ಕೇಳಿರ್ಲಿಲ್ಲ, ಎಷ್ಟು ಜನ ಕ್ಲಿಕ್ ಮಾಡಿದ್ರು ಅಂತ ಮಾತ್ರ ಕೇಳ್ತಿದ್ದೆ. ಯಾಕೆ ಬಿಟ್ರಿ ಅನ್ನೋ ಜಾಗದಲ್ಲಿ ಜನ ಕಾರಣ ಬರೆದಿರೋರು, ಆ ಕಾಲಮ್ಮು ನಮ್ಮ ಶೀಟ್‌ಗೆ ಬರ್ತಾನೇ ಇರ್ಲಿಲ್ಲ. ಯಾರೂ ದುರುದ್ದೇಶದಿಂದ ತೆಗೆದಿದ್ದಲ್ಲ, ಬೇಕು ಅಂತ ಯಾರೂ ಕೇಳಿರ್ಲಿಲ್ಲ ಅಷ್ಟೇ. ನಿಮ್ಮಲ್ಲೂ ಬಹುಶಃ ಹೀಗೇ ಆಗಿರುತ್ತೆ, ಸಪೋರ್ಟ್ ಟೀಮಿನ ಪಟ್ಟಿ ಒಂದು ಕಡೆ, ಆಫರ್ ಕಳ್ಸೋ ಪಟ್ಟಿ ಇನ್ನೊಂದು ಕಡೆ, ಎರಡೂ ಒಂದಕ್ಕೊಂದು ಮುಖ ನೋಡಿರಲ್ಲ.

ಮತ್ತೆ "ನಾವು ಬರೀ ಮಾರ್ತೀವಿ, ಅಭ್ಯಾಸ ಅವರದ್ದು" ಅನ್ನೋದು ಲಕ್ಕಿ ಬಾಕ್ಸ್ ಇಟ್ಟಿರೋರ ಬಾಯಲ್ಲಿ ಒಪ್ಪಲ್ಲ. ಬಿ. ಎಫ್. ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರ್ಸಿದ್ರು, ಎಷ್ಟು ಸಲ ಕುಕ್ಕಿದ್ರೆ ಕಾಳು ಬೀಳುತ್ತೆ ಅಂತ ಗೊತ್ತಾಗ್ದೇ ಇರೋ ಹಾಗೆ ಇಟ್ರೆ ಹಕ್ಕಿ ಬಿಡದೇ ಕುಕ್ತಾನೇ ಇರುತ್ತೆ, ಕಾಳು ನಿಲ್ಸಿದ ಮೇಲೂ ಸುಮಾರು ಹೊತ್ತು ಕುಕ್ಕುತ್ತೆ. ಲಕ್ಕಿ ಬಾಕ್ಸ್ ಅಂದ್ರೆ ಅದೇ ಕಾಳಿನ ಡಬ್ಬಿ. 2018ರಲ್ಲಿ ಬೆಲ್ಜಿಯಂ ದುಡ್ಡು ಕೊಟ್ಟು ತೆಗೆಯೋ ಇಂಥ ಬಾಕ್ಸ್‌ಗಳನ್ನ ಜೂಜು ಅಂತಾನೇ ಲೆಕ್ಕಕ್ಕೆ ತಗೊಳ್ತು. ಫೋನಲ್ಲಿ ಕೆಳಗೆ ಎಳೆದಷ್ಟೂ ಮುಗಿಯದೇ ಬರ್ತಾನೇ ಇರುತ್ತಲ್ಲ ಪೇಜು, ಅದನ್ನ 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ತಾವೇ ಅದರ ಬಗ್ಗೆ ಪಶ್ಚಾತ್ತಾಪ ಪಟ್ಕೊಂಡು ಮಾತಾಡಿದಾರೆ. ಪೇಜಿನ ಕೊನೆ ಅನ್ನೋದು ಒಂದು ಸಣ್ಣ ಬ್ರೇಕ್ ಆಗಿತ್ತು, ಅದನ್ನ ತೆಗೆದಿದ್ದು ಯಾರೋ ಕೂತು ಮಾಡಿದ ಕೆಲಸ. ಬ್ರೇಕ್ ತೆಗೆಯೋದು ನಮ್ಮ ಕೆಲಸ, ಹಾಕೋದು ಮಾತ್ರ ಗ್ರಾಹಕರ ಕೆಲಸ ಅನ್ನೋದು ಯಾವ ನ್ಯಾಯ?

ಸರಿ, ಏನ್ ಮಾಡ್ಬೇಕು ಅಂತ ಕೇಳಿದ್ರೆ ನಾನು ಕಾವಲಿನ ಕಡೆ ಹೋಗಲ್ಲ, ಬ್ರೇಕ್ ಅವರ ಕೈಗೇ ಕೊಡಿ ಅಂತೀನಿ. ತಿಂಗಳಿಗೆ ಇಷ್ಟೇ ಅಂತ ಅವರೇ ಮಿತಿ ಹಾಕೋ ಜಾಗ ಕೊಡಿ, ಅದು ಸೆಟ್ಟಿಂಗ್ಸ್‌ನ ಏಳನೇ ಮೂಲೇಲಿ ಇರೋದು ಬೇಡ, ದುಡ್ಡು ಕೊಡೋ ಪೇಜಲ್ಲೇ ಇರ್ಲಿ. ಬ್ರಿಟನ್‌ನ ಆನ್‌ಲೈನ್ ಜೂಜಿನ ನಿಯಮದಲ್ಲಿ ಒಂದು ಜಾಣತನ ಇದೆ, ಮಿತಿ ಏರಿಸ್ಬೇಕು ಅಂದ್ರೆ ಕನಿಷ್ಠ 24 ಗಂಟೆ ಕಾಯ್ಬೇಕು, ಇಳಿಸೋದಕ್ಕೆ ಆ ಕಾಯೋ ಕೆಲಸ ಇಲ್ಲ. ಅಲ್ಲಿನ ಮೊಂಜೊ ಬ್ಯಾಂಕ್ 2018ರಲ್ಲಿ ಜೂಜಿಗೆ ಹೋಗೋ ಪೇಮೆಂಟ್ ತಡೆಯೋ ಸ್ವಿಚ್ಚು ಕೊಡ್ತು, ಹಾಕೋದು ಒಂದು ಕ್ಷಣ, ತೆಗೆಯೋಕೆ 48 ಗಂಟೆ ಕಾಯ್ಬೇಕು. ರಾತ್ರಿಯವನು ಕೇಳಿದ್ದನ್ನ ಹಗಲಿನವನು ಒಪ್ಪಿದ್ರೆ ಮಾತ್ರ ಕೊಡೋದು ಅಂದ್ಕೊಳ್ಳಿ. ಅವರ ಸ್ವಾತಂತ್ರ್ಯ ಎಲ್ಲಿ ಹೋಯ್ತು? ಎಲ್ಲೂ ಹೋಗ್ಲಿಲ್ಲ, ಬೆಳಗಾಗೋವರೆಗೆ ಕಾದಿದೆ.

ಹೊರಗೆ ಹೋಗೋ ಬಾಗಿಲು ಒಳಗೆ ಬರೋ ಬಾಗಿಲಿನಷ್ಟೇ ಸಲೀಸಾಗಿರ್ಲಿ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಹಾಕಿದ ಕೇಸಲ್ಲಿ, ಪ್ರೈಮ್ ಚಂದಾ ರದ್ದು ಮಾಡೋ ದಾರಿಗೆ ಕಂಪನಿ ಒಳಗಡೆ ಇಲಿಯಡ್ ಅಂತ ಹೆಸರಿತ್ತು ಅಂತ ಆರೋಪ ಮಾಡ್ತು, ಅಷ್ಟುದ್ದದ ಗ್ರೀಕ್ ಮಹಾಕಾವ್ಯದ ಹೆಸರು! 2025ರಲ್ಲಿ ಆ ಕೇಸು 250 ಕೋಟಿ ಡಾಲರ್‌ಗೆ ರಾಜಿಯಾಯ್ತು. ಬಾಸ್‌ಗೆ ನೀತಿ ಮಾತು ಕಿವಿಗೆ ಬೀಳ್ದೇ ಇದ್ರೆ ಈ ಅಂಕಿ ಬೀಳ್ಬಹುದು.

ಮತ್ತೆ ಒಂದು ಎಚ್ಚರಿಕೆ, ನೀವು ಡಾಕ್ಟರ್ ಆಗೋಕೆ ಹೋಗ್ಬೇಡಿ. "ನಿಮಗೆ ಚಟ ಇದ್ದಂಗಿದೆ" ಅನ್ನೋ ಮೆಸೇಜು ಯಾರಿಗೂ ಕಳ್ಸ್ಬೇಡಿ, ಜನಕ್ಕೆ ಅವಮಾನ ಆಗುತ್ತೆ, ಎಷ್ಟೋ ಸಲ ಅದು ತಪ್ಪೂ ಆಗಿರುತ್ತೆ. ಖರ್ಚಿನ ಮೊತ್ತ ನೋಡಿ ತೀರ್ಮಾನ ಮಾಡೋದಕ್ಕಿಂತ ನಡವಳಿಕೆ ನೋಡಿ, ಸೋತ ತಕ್ಷಣ ಮತ್ತೆ ಮತ್ತೆ ಹಾಕೋದು, ಕಾರ್ಡ್ ಫೇಲ್ ಆದ್ರೆ ಇನ್ನೊಂದು ಕಾರ್ಡ್, ಬೆಳಗ್ಗೆ ಎದ್ದು ರಿಫಂಡ್ ಕೇಳೋದು, ಕ್ಲೋಸ್ ಮಾಡ್ಸಿ ಮತ್ತೆ ತೆರೆಯೋದು. ಇಂಥದ್ದು ಕಂಡ್ರೆ ಮೊದಲ ಕೆಲಸ ಅವರಿಗೆ ಏನೋ ಹೇಳೋದಲ್ಲ, ಆಫರ್ ಕಳ್ಸೋದನ್ನ ನಿಲ್ಸೋದು. ಇದಕ್ಕೆ ಹೊಸ ಮಾಹಿತಿ ಒಂದು ಚೂರೂ ಬೇಕಾಗಿಲ್ಲ, ಈಗಾಗ್ಲೇ ನೀವು ಅದೇ ಮಾಹಿತಿ ಇಟ್ಕೊಂಡು "ಯಾರು ಜಾಸ್ತಿ ಖರ್ಚು ಮಾಡ್ತಾರೆ" ಅಂತ ಪಟ್ಟಿ ಮಾಡ್ತಿರ್ತೀರಲ್ಲ. ಇನ್ನೂ ಒಂದು ಮಾಡಿ ನೋಡಿ, ಜಾಸ್ತಿ ಖರ್ಚು ಮಾಡಿದೋರಿಗೆ ಒಂದು ವಾರ ಬಿಟ್ಟು ಹಗಲು ಹೊತ್ತಲ್ಲಿ ಒಂದೇ ಒಂದು ಪ್ರಶ್ನೆ ಕಳ್ಸಿ, ಆವತ್ತು ಖರ್ಚು ಮಾಡಿದ್ದು ನಿಮಗೆ ಈಗ ಸರಿ ಅನ್ಸುತ್ತಾ ಅಂತ. ಬಹಳಷ್ಟು ಜನ ಹೌದು ಅಂದ್ರೆ ನಿಮ್ಮ ಬಾಸ್ ನೆಮ್ಮದಿಯಾಗಿ ಮಲಗ್ಲಿ. ಇಲ್ಲ ಅಂದ್ರೆ ನಿಮ್ಮ ಆದಾಯ ಯಾವುದರ ಮೇಲೆ ನಿಂತಿದೆ ಅಂತ ಅವರಿಗೂ ಗೊತ್ತಾಗುತ್ತೆ. ಆ ಪ್ರಶ್ನೆ ಕಳ್ಸೋಕೇ ಅವರು ಒಪ್ಪಲ್ಲ ಅಂದ್ರೆ, ಅವರಿಗೆ ಉತ್ರ ಗೊತ್ತಿದೆ ಅಂತ ನನ್ನ ಅನುಮಾನ.

ಕೊನೇದಾಗಿ ಆ ಒಬ್ಬ ಗ್ರಾಹಕರು. ಕ್ಲೋಸ್ ಮಾಡಿ ಅಂತ ಕೇಳಿದ ಮೇಲೆ ಕಂಪನೀನೇ ಕರೆದು ತಗೊಂಡ ಆ ರಾತ್ರಿಯ ದುಡ್ಡು ವಾಪಸ್ ಕೊಡಿ ಅಂತ ಸಪೋರ್ಟ್ ಹೆಡ್‌ಗೆ ಬರೀರಿ, ಮಾತಲ್ಲಿ ಹೇಳ್ಬೇಡಿ, ಬರೀರಿ, ಟಿಕೆಟ್ ನಂಬರ್ರೂ ಆಫರ್ ಹೋದ ತಾರೀಖೂ ಅಕ್ಕಪಕ್ಕ ಹಾಕಿ. ಕೊಡ್ತಾರೋ ಬಿಡ್ತಾರೋ, ದಾಖಲೆ ಇರುತ್ತೆ. ಅವರು ಇನ್ನೂ ಕ್ಲೋಸ್ ಆಗಿರ್ಬೇಕು ಅಂತಾರಾ ಅಂತ ಹಗಲು ಹೊತ್ತಲ್ಲಿ ಒಂದು ಸಲ ಕೇಳಿ, ಹೌದು ಅಂದ್ರೆ ಈ ಸಲ ಸರಿಯಾಗಿ ಕ್ಲೋಸ್ ಮಾಡಿ. "ಕ್ಲೋಸ್ ಮಾಡಿ" ಅಂತ ಕೇಳಿದೋರ ಪಟ್ಟೀನ ಆಫರ್ ಪಟ್ಟಿಯಿಂದ ತೆಗೆಯೋದು ನಿಮ್ಮ ಎಂಜಿನಿಯರ್‌ಗೆ ಹೆಚ್ಚಂದ್ರೆ ಅರ್ಧ ದಿನದ ಕೆಲಸ ಇರ್ಬಹುದು, ಅದಕ್ಕೆ ಮೀಟಿಂಗ್ ಕರೀಬೇಡಿ, ಮೀಟಿಂಗ್ ಕರೆದ್ರೆ ಅದು ಚರ್ಚೆ ಆಗುತ್ತೆ. ಸಿಸ್ಟಮ್ ದೋಷ (ಬಗ್) ಅಂತ ಎಂಟ್ರಿ ಹಾಕಿ.